ಬಿಸಿಲಿನಲ್ಲಿ ದುಡಿಯುವವರೂ ಚರ್ಮದ ರಕ್ಷಣೆಯೂ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ಶಿಬಿರದಲ್ಲಿ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದಾಗ ನಾವು ಹಿಂದೆಮುಂದೆ ನೋಡಿದೆವು. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಡಾಕ್ಟರುಗಳ ಎದುರಿಗೆ ಚರ್ಮದ ಬಗ್ಗೆ ಮಾತಾಡುವಷ್ಟು ವಿದ್ಯೆ ನಮಗಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆದುಹೋಯಿತು. ಆ ತಪ್ಪು ನಿಮ್ಮ ಮನೆಯಲ್ಲಿ ನಡೆಯದಿರಲಿ ಎಂಬ ಕಾರಣಕ್ಕೆ ಒಪ್ಪಿಕೊಂಡೆವು. ತಪ್ಪಿದ್ದಲ್ಲಿ ವೈದ್ಯರು ತಿದ್ದಬೇಕು ಎಂದು ಮೊದಲೇ ಬೇಡಿಕೊಳ್ಳುತ್ತೇವೆ.

ಮೊದಲು ಹಸುವಿನ ವಿಷಯ ಹೇಳುತ್ತೇವೆ. 2017ರ ಬೇಸಿಗೆ. ಮೇವಿಗೆ ಬಹಳ ತತ್ವಾರ ಇದ್ದ ಕಾಲ. ನಮ್ಮ ಎಚ್.ಎಫ್. ಹಸು ಬೇಲಿ ಸಾಲಿನ ಲಂಟಾನ ಗಿಡ ಮೇಯ್ದುಬಿಟ್ಟಿತ್ತು. ಎರಡು ಮೂರು ದಿನಕ್ಕೆ ಮೇವು ಬಿಟ್ಟಿತು, ಹಾಲು ಇಳಿಯಿತು. ಆಮೇಲೆ ಮೈಮೇಲಿನ ಚರ್ಮ ಬೆಂದಂತಾಗಿ ಸುಲಿಯತೊಡಗಿತು. ವಿಚಿತ್ರ ಏನೆಂದರೆ, ಬಿಳಿ ಬಣ್ಣ ಇರುವ ಕಡೆ ಮಾತ್ರ ಸುಲಿಯಿತು, ಕಪ್ಪು ಮಚ್ಚೆ ಇರುವ ಕಡೆ ಏನೂ ಆಗಲಿಲ್ಲ. ಪಶುವೈದ್ಯರು ಬಂದು ನೋಡಿದರು. ಲಂಟಾನದ ವಿಷ ಈಲಿಗೆ ತಗುಲಿದೆ, ಅದರಿಂದ ಚರ್ಮ ಬಿಸಿಲು ತಡೆಯುತ್ತಿಲ್ಲ, ಕಪ್ಪು ಬಣ್ಣ ಇರುವ ಕಡೆ ಆ ಬಣ್ಣವೇ ಕೊಡೆಯ ಹಾಗೆ ಕಾಯುತ್ತದೆ, ಬಿಳಿ ಚರ್ಮಕ್ಕೆ ಆ ಕೊಡೆ ಇಲ್ಲ ಎಂದರು. ಇಂಜೆಕ್ಷನ್ ಕೊಟ್ಟು, ಮೊದಲು ನೆರಳಿಗೆ ಕಟ್ಟಿ ಎಂದರು. ನಾವು ಅಂದೇ ತೆಂಗಿನ ಗರಿಯ ಚಪ್ಪರ ಹಾಕಿದೆವು. ಹಸು ಉಳಿಯಿತು.

ಅದೇ ಬೇಸಿಗೆಯಲ್ಲಿ ನಮ್ಮ ಮನೆಯವರ ಎರಡೂ ಕೆನ್ನೆಯ ಮೇಲೆ ಬಂಗು ಎದ್ದಿತ್ತು. ಟೊಮೇಟೊ ತೋಟದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕೆಲಸ. ಡಾಕ್ಟರಿಗೆ ತೋರಿಸೋಣ ಎಂದು ಅವರು ಒಂದೆರಡು ಸಾರಿ ಅಂದರು. "ಈ ವಯಸ್ಸಿಗೆ ಏನು ಸಿಂಗಾರ? ಹೊಲದವರ ಮುಖ ಇರೋದೇ ಹಾಗೆ" ಅಂದುಬಿಟ್ಟೆವು. ಹಸುವಿನ ಚರ್ಮ ಸುಲಿದಾಗ ಅರ್ಧ ಗಂಟೆಯಲ್ಲಿ ಡಾಕ್ಟರನ್ನು ಕರೆಸಿದವರು ನಾವು. ಮನೆಯವರ ಮುಖ ನೋಡಲಿಲ್ಲ. ಇದು ಸಭೆಯಲ್ಲಿ ಹೇಳುವ ಮಾತೋ ಅಲ್ಲವೋ ತಿಳಿಯದು, ಆದರೆ ನಡೆದದ್ದು ಇದೇ.

ಅವರು ನಮಗೆ ಹೇಳದೆ ಪೇಟೆಯ ಒಂದು ಅಂಗಡಿಯಿಂದ ಟ್ಯೂಬು ತರಿಸಿಕೊಂಡರು. ಚೀಟಿ ಇಲ್ಲ, ಡಾಕ್ಟರಿಲ್ಲ. ಹಚ್ಚಿದ ಹದಿನೈದು ದಿನಕ್ಕೆ ಮುಖ ತಿಳಿಯಾಯಿತು. ಅಕ್ಕಪಕ್ಕದವರೂ ಹೆಸರು ಬರೆಸಿಕೊಂಡು ಹೋದರು. ಐದಾರು ತಿಂಗಳಿಗೆ ಕೆನ್ನೆ ಕೆಂಪಗಾಯಿತು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು, ಸಣ್ಣ ಸಣ್ಣ ರಕ್ತನಾಳ ಕಾಣತೊಡಗಿದವು, ಮೊಡವೆ ಎದ್ದವು, ಗಲ್ಲದ ಮೇಲೆ ಕೂದಲು ಬಂತು. ಟ್ಯೂಬು ಬಿಟ್ಟರೆ ಉರಿ, ಹಚ್ಚಿದರೆ ಮಾತ್ರ ಸಮಾಧಾನ. ಒಲೆಯ ಮುಂದೆ ಕೂರುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ. ಕಡೆಗೆ 2018ರಲ್ಲಿ ಚರ್ಮದ ವೈದ್ಯರಿಗೆ ತೋರಿಸಿದಾಗ ಗೊತ್ತಾಯಿತು, ಅದು ಸ್ಟೀರಾಯ್ಡ್ ಇರುವ ಮುಲಾಮು. ಅದೇ ವರ್ಷ ಕೇಂದ್ರ ಸರ್ಕಾರವು ಹಚ್ಚುವ ಮುಲಾಮುಗಳಲ್ಲಿ ಬಳಸುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿದೆ ಎಂಬುದನ್ನೂ ಅಲ್ಲೇ ಕೇಳಿದೆವು. ಮುಖ ಸರಿಹೋಗಲು ಒಂದು ವರ್ಷದ ಮೇಲೆ ಹಿಡಿಯಿತು.

ಆ ವೈದ್ಯರು ಬರೆದುಕೊಟ್ಟ ಔಷಧಿಯಲ್ಲಿ ಸನ್‌ಸ್ಕ್ರೀನ್ ಎಂಬುದೊಂದಿತ್ತು. ಅಂದರೆ ಬಿಸಿಲು ತಡೆಯುವ ಮುಲಾಮು. ಇದು ಸಿನಿಮಾದವರು ಹಚ್ಚುವ ವಸ್ತು ಎಂದು ನಾವು ತಿಳಿದಿದ್ದೆವು. ಹಾಗಲ್ಲ, ಇದು ಬಿಸಿಲಿನಲ್ಲಿ ದುಡಿಯುವವರ ಔಷಧಿ. ಇದನ್ನು ಸರಿಯಾಗಿ ಹಚ್ಚುವುದು ಹೇಗೆ ಎಂಬುದೇ ಈ ಹೊತ್ತಿನ ನಮ್ಮ ಮಾತು.

ಬಿಸಿಲಿನಲ್ಲಿ ಬೆಳಕು, ಶಾಖ ಇರುವುದು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಇರುತ್ತವೆ. ನಮಗೆ ತಲುಪುವುದರಲ್ಲಿ ಎರಡು ಬಗೆ. ಒಂದು ಯು.ವಿ.ಬಿ. ಇದು ಚರ್ಮವನ್ನು ಸುಡುತ್ತದೆ. ಇನ್ನೊಂದು ಯು.ವಿ.ಎ. ಇದು ಸುಟ್ಟ ಹಾಗೆ ಕಾಣುವುದಿಲ್ಲ, ಆದರೆ ಚರ್ಮದ ಒಳಕ್ಕೆ ಇಳಿದು ಕಪ್ಪು ಮಾಡುತ್ತದೆ, ಸುಕ್ಕು ತರುತ್ತದೆ, ಬಂಗು ಹೆಚ್ಚಿಸುತ್ತದೆ. ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಮೋಡ ಕವಿದಿದೆ, ಬಿಸಿಲಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ತೆಳು ಮೋಡದಲ್ಲಿ ಈ ಕಿರಣಗಳ ಬಹುಪಾಲು ಇಳಿದೇ ಇಳಿಯುತ್ತದೆ. ಶಾಖ ಬೇರೆ, ಕಿರಣ ಬೇರೆ. ತಣ್ಣಗೆ ಗಾಳಿ ಬೀಸುವ ದಿನವೂ ಮುಖ ಬೇಯಬಹುದು.

ಈ ಕಿರಣದ ಬಲಕ್ಕೆ ಯು.ವಿ. ಸೂಚ್ಯಂಕ ಎಂಬ ಅಳತೆ ಇದೆ. ಅದು 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಡೆ ಬೇಸಿಗೆಯ ನಡುಹಗಲು 11 ದಾಟುವುದುಂಟು. ಇದನ್ನು ತಿಳಿಯಲು ಯಂತ್ರ ಬೇಕಿಲ್ಲ, ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಉದ್ದ ಇದ್ದರೆ ಕಿರಣದ ಬಲ ಕಡಿಮೆ. ನೆರಳು ನಿಮಗಿಂತ ಗಿಡ್ಡ ಆಯಿತೋ, ಹುಷಾರಾಗಬೇಕು. ಅಂದಾಜಿಗೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಹೊತ್ತು. ನಮ್ಮ ಹಿರಿಯರು ಕೋಳಿ ಕೂಗುವಾಗ ಆರು ಕಟ್ಟಿ, ಬಿಸಿಲೇರಿದ ಮೇಲೆ ಹೊಂಗೆ ಮರದಡಿ ಬುತ್ತಿ ಬಿಚ್ಚುತ್ತಿದ್ದರು. ಅವರಿಗೆ ಸೂಚ್ಯಂಕ ಗೊತ್ತಿರಲಿಲ್ಲ, ಲೆಕ್ಕ ಮಾತ್ರ ಸರಿ ಇತ್ತು.

ಇಲ್ಲಿ ಒಂದು ಸತ್ಯ ಹೇಳಬೇಕು. ನಮ್ಮ ಮೈಯ ಕಪ್ಪು ಬಣ್ಣ ರೋಗವಲ್ಲ, ಅವಮಾನವಲ್ಲ. ಹಸುವಿನ ಕಪ್ಪು ಮಚ್ಚೆಯ ಹಾಗೆ ಅದು ದೇವರು ಕೊಟ್ಟ ಕೊಡೆ. ಬಿಳಿ ಚರ್ಮದ ದೇಶಗಳಲ್ಲಿ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಹೆಚ್ಚು, ನಮ್ಮಲ್ಲಿ ಅಷ್ಟಿಲ್ಲ. ಆದರೆ ಈ ಕೊಡೆಗೂ ಒಂದು ಮಿತಿ ಇದೆ. ಬಂಗು, ಬಿಸಿಲಿನ ಅಲರ್ಜಿ, ತುಟಿ ಒಡೆಯುವುದು, ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಕಡೆಗೆ ಮಾಂಸ ಬೆಳೆಯುವುದು, ಇವೆಲ್ಲ ಹೊಲದವರಿಗೆ ಬರುತ್ತಲೇ ಇವೆ. ಸನ್‌ಸ್ಕ್ರೀನ್ ಹಚ್ಚಿದರೆ ಯಾರೂ ಬೆಳ್ಳಗಾಗುವುದಿಲ್ಲ. ಬೆಳ್ಳಗೆ ಮಾಡುತ್ತೇವೆ ಎಂದು ಹೇಳುವ ಟ್ಯೂಬನ್ನು ಮೊದಲು ಅನುಮಾನದಿಂದ ನೋಡಿ.

ಇನ್ನು ಕೊಳ್ಳುವ ವಿಚಾರ. ಹಾಲಿಗೆ ಫ್ಯಾಟು, ಡಿಗ್ರಿ ಎರಡನ್ನೂ ನೋಡಿ ತಾನೇ ನಾವು ದರ ಕಟ್ಟುವುದು? ಒಂದನ್ನೇ ನೋಡಿದರೆ ಮೋಸ. ಸನ್‌ಸ್ಕ್ರೀನ್‌ನಲ್ಲೂ ಎರಡು ಅಳತೆ ಇದೆ. ಎಸ್.ಪಿ.ಎಫ್. ಎಂಬ ಅಂಕಿ ಮುಖ್ಯವಾಗಿ ಸುಡುವ ಯು.ವಿ.ಬಿ.ಯನ್ನು ಎಷ್ಟು ತಡೆಯುತ್ತದೆ ಎಂದು ಹೇಳುತ್ತದೆ. ನೂರು ಪಾಲಿನಲ್ಲಿ ಎಸ್.ಪಿ.ಎಫ್. 15 ಸುಮಾರು 93 ಪಾಲು ತಡೆದರೆ, 30 ಸುಮಾರು 97, 50 ಸುಮಾರು 98 ತಡೆಯುತ್ತದೆ. ಅಂಕಿ ದುಪ್ಪಟ್ಟಾದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ನಮಗೆ 30 ಇದ್ದರೆ ಸಾಕು, 50 ಇದ್ದರೆ ಒಳ್ಳೆಯದು. ಎರಡನೆಯದು ಪಿ.ಎ. ಗುರುತು. ಇದು ಯು.ವಿ.ಎ.ಯ ಲೆಕ್ಕ. ಅದರ ಮುಂದೆ ಮೂರು ಅಥವಾ ನಾಲ್ಕು ಕೂಡುವ ಚಿಹ್ನೆ ಇರಬೇಕು. 'ಬ್ರಾಡ್ ಸ್ಪೆಕ್ಟ್ರಂ' ಎಂದು ಬರೆದಿದ್ದರೆ ಎರಡೂ ಕಿರಣಕ್ಕೆ ಆಗುತ್ತದೆ ಎಂದರ್ಥ. ಬೆವರುವ ನಮಗೆ 'ವಾಟರ್ ರೆಸಿಸ್ಟೆಂಟ್' ಎಂಬ ಮಾತೂ ಬೇಕು. ಕೊನೆಗೆ ತಯಾರಾದ ತಾರೀಕು, ಮುಗಿಯುವ ತಾರೀಕು ನೋಡಿ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಅಂಥವರಿಗೆ ಐರನ್ ಆಕ್ಸೈಡ್ ಸೇರಿದ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಅನುಕೂಲ.

ಹಚ್ಚುವುದು ಹೇಗೆ? ಇದಕ್ಕೆ ಬೋರ್ಡೋ ದ್ರಾವಣದ ಉದಾಹರಣೆ ಕೊಡುತ್ತೇವೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿದರೆ ಶೇಕಡಾ ಒಂದರ ದ್ರಾವಣ. ಇದನ್ನು ರೋಗ ಬಂದ ಮೇಲೆ ಹೊಡೆದರೆ ಏನು ಪ್ರಯೋಜನ? ಬರುವ ಮೊದಲೇ ಹೊಡೆಯಬೇಕು. ಎಲೆಯ ಮೇಲೂ ಕೆಳಗೂ ಕೂರಬೇಕು. ಅಳತೆ ಕಡಿಮೆ ಮಾಡಿದರೆ ದುಡ್ಡೂ ಹೋಯಿತು, ಬೆಳೆಯೂ ಹೋಯಿತು. ಮಳೆಯಲ್ಲಿ ತೊಳೆದುಹೋದರೆ ಮತ್ತೆ ಹೊಡೆಯಬೇಕು. ಸನ್‌ಸ್ಕ್ರೀನ್‌ಗೂ ಇದೇ ನಾಲ್ಕು ನಿಯಮ. ಮೊದಲೇ ಹಚ್ಚಬೇಕು, ಪೂರಾ ಹಚ್ಚಬೇಕು, ಅಳತೆ ತಪ್ಪಬಾರದು, ಮತ್ತೆ ಹಚ್ಚಬೇಕು.

ಮೊದಲೇ ಎಂದರೆ ಬಿಸಿಲಿಗೆ ಹೋಗುವ ಕಾಲು ಗಂಟೆ ಮುಂಚೆ. ಅದು ಚರ್ಮದ ಮೇಲೆ ಪದರವಾಗಿ ಕೂರಲು ಅಷ್ಟು ಹೊತ್ತು ಬೇಕು.

ಅಳತೆಯಲ್ಲೇ ನಾವೆಲ್ಲ ಸೋಲುವುದು. ಟ್ಯೂಬಿನ ಮೇಲಿನ ಎಸ್.ಪಿ.ಎಫ್. ಅಂಕಿಯನ್ನು ಪರೀಕ್ಷೆ ಮಾಡುವಾಗ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ನಾವು ಕಡಲೆಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ ಆ ರಕ್ಷಣೆ ಎಲ್ಲಿಂದ ಬರಬೇಕು? ನೀರು ಬೆರೆಸಿದ ಹಾಲಿಗೆ ಪೂರಾ ಫ್ಯಾಟು ಕೇಳಿದ ಹಾಗಾಯಿತು. ವೈದ್ಯರು ಹೇಳಿಕೊಟ್ಟ ಸುಲಭ ಅಳತೆ ಎರಡು ಬೆರಳು. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಒಂದೊಂದು ಗೆರೆ ಎಳೆಯಿರಿ. ಅದು ಮುಖ ಮತ್ತು ಕತ್ತಿಗೆ. ತೋಳು ಬಿಟ್ಟುಕೊಂಡು ಕೆಲಸ ಮಾಡುವವರು ಒಂದೊಂದು ತೋಳಿಗೂ ಮತ್ತೆ ಅಷ್ಟೇ ತೆಗೆದುಕೊಳ್ಳಬೇಕು. ಒಂದೇ ಸಾರಿಗೆ ಜಾಸ್ತಿ ಅನ್ನಿಸಿದರೆ ಅರ್ಧ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಳಿದರ್ಧ ಹಚ್ಚಿ.

ಪೂರಾ ಎಂದರೆ ಕಿವಿಯ ಮೇಲೆ, ಕಿವಿಯ ಹಿಂದೆ, ಕತ್ತಿನ ಹಿಂಭಾಗ, ಮೂಗಿನ ದಿಂಡು. ಗಂಡಸರು ಈ ಜಾಗಗಳನ್ನು ಮರೆಯುವುದೇ ಹೆಚ್ಚು. ತಲೆಯ ಮೇಲೆ ಕೂದಲು ಉದುರಿದವರು ತಲೆಗೂ ಹಚ್ಚಬೇಕು. (ಇಲ್ಲಿ ನಮ್ಮ ಅಧ್ಯಕ್ಷರು ನಗುತ್ತಿದ್ದಾರೆ.) ಕಣ್ಣೊಳಗೆ ಮಾತ್ರ ಹೋಗಬಾರದು, ಬಹಳ ಉರಿಯುತ್ತದೆ.

ಮತ್ತೆ ಹಚ್ಚುವುದು ಎಂದರೆ ಬಿಸಿಲಿನಲ್ಲಿರುವಾಗ ಎರಡು ಗಂಟೆಗೊಮ್ಮೆ. ಬೆವರು ಒರೆಸಿದಾಗ, ಮುಖ ತೊಳೆದಾಗ ಪದರ ಹೋಗಿಬಿಡುತ್ತದೆ. ಹೊಲದಲ್ಲಿ ಇದು ಕಷ್ಟ ಎಂದು ನಮಗೂ ಗೊತ್ತು. ಆದ್ದರಿಂದ ಬುತ್ತಿಯ ಹೊತ್ತಿಗೆ ಕೈಮುಖ ತೊಳೆದು, ಒರೆಸಿ, ಇನ್ನೊಂದು ಸಲ ತಪ್ಪದೆ ಹಚ್ಚಿ. ಟ್ಯೂಬನ್ನು ಬುತ್ತಿ ಚೀಲದಲ್ಲಿ ನೆರಳಿಗೆ ಇಡಿ. ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲೋ ಬೈಕಿನ ಡಿಕ್ಕಿಯಲ್ಲೋ ಕಾಯಲು ಬಿಟ್ಟರೆ ಔಷಧಿ ಕೆಡುತ್ತದೆ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವ ದಿನದ ಕ್ರಮ ಹೇಳುತ್ತೇವೆ. ಬೆಳಗ್ಗೆ ಎದ್ದು ಹಾಲು ಕರೆದು ಸಂಘಕ್ಕೆ ಹಾಕಿ ಬರುವವರೆಗೆ ಮುಖಕ್ಕೆ ಏನನ್ನೂ ಹಚ್ಚುವುದಿಲ್ಲ. ಆ ಹೊತ್ತಿನ ಬಿಸಿಲಿಗೆ ಬಲವೂ ಇಲ್ಲ, ಮುಲಾಮಿನ ಕೈಯಲ್ಲಿ ಕೆಚ್ಚಲು ಮುಟ್ಟಲೂ ಬಾರದು. ನಮ್ಮ ಸಂಘದ ಹಾಲಿನ ಹೆಸರು ಕೆಡಬಾರದು ನೋಡಿ. ಡೇರಿಯಿಂದ ಬಂದ ಮೇಲೆ ಮೈಗೆ ಹಚ್ಚುವ ಸಾದಾ ಸೋಪಿನಿಂದ ಮುಖ ತೊಳೆಯುವುದು. ಬಟ್ಟೆ ಸೋಪು ಮುಖಕ್ಕೆ ಬೇಡ, ಚರ್ಮದ ಜಿಡ್ಡನ್ನೆಲ್ಲ ಕಿತ್ತುಬಿಡುತ್ತದೆ. ಚರ್ಮ ಒಡೆಯುವವರು ತೇವ ಹಿಡಿಯುವ ಕ್ರೀಮನ್ನು ತೆಳ್ಳಗೆ ಹಚ್ಚಿ ಐದು ನಿಮಿಷ ಬಿಡುವುದು. ಆಮೇಲೆ ಎರಡು ಬೆರಳಿನ ಸನ್‌ಸ್ಕ್ರೀನ್. ಮಧ್ಯಾಹ್ನ ಇನ್ನೊಮ್ಮೆ. ಸಂಜೆ ಹಾಲು ಕರೆಯುವ ಮುಂಚೆ ಕೈ ತೊಳೆಯುವುದು ಹೇಗೂ ಇದ್ದದ್ದೇ. ರಾತ್ರಿ ಮುಖ ತೊಳೆದು, ಬೇಕಾದರೆ ಮತ್ತೆ ತೇವದ ಕ್ರೀಮು. ಇಷ್ಟೇ. ಇದಕ್ಕಿಂತ ಹೆಚ್ಚಿನದು ಯಾವುದೂ ಬೇಕಿಲ್ಲ. ಇನ್ನೊಂದು ಮಾತು, ಬೆಳೆಗೆ ಔಷಧಿ ಹೊಡೆದ ಕೈಯನ್ನು ಸೋಪಿನಿಂದ ತೊಳೆಯದೆ ಮುಖಕ್ಕೆ ಏನನ್ನೂ ಹಚ್ಚಬೇಡಿ.

ಕೊಬ್ಬರಿ ಎಣ್ಣೆ ಸಾಲದೇ ಎಂದು ನಮ್ಮ ತಾಯಿಯವರು ಕೇಳಿದರು. ಚರ್ಮ ಒಡೆಯದ ಹಾಗೆ ಅದು ಕಾಯುತ್ತದೆ, ಆದರೆ ಬಿಸಿಲನ್ನು ತಡೆಯಲು ಅದನ್ನು ನಂಬುವಂತಿಲ್ಲ. ಪೌಡರೂ ಅಷ್ಟೇ. ನಿಂಬೆರಸ ಮುಖಕ್ಕೆ ತಿಕ್ಕಿ ಬಿಸಿಲಿಗೆ ಹೋಗುವುದಂತೂ ಅಪಾಯ. ನಿಂಬೆಯಲ್ಲಿರುವ ಒಂದು ಅಂಶ ಬಿಸಿಲಿಗೆ ಸೇರಿ ಚರ್ಮ ಸುಟ್ಟು ಬೊಬ್ಬೆ ಬರಬಹುದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು.

ಖರ್ಚಿನ ಮಾತು ಬಂದೇ ಬರುತ್ತದೆ. ಮುಖ, ಕತ್ತಿಗೆ ದಿನಕ್ಕೆ ಎರಡು ಸಲ ಸರಿಯಾಗಿ ಹಚ್ಚಿದರೆ 50 ಗ್ರಾಂ ಟ್ಯೂಬು ಒಂದು ತಿಂಗಳೂ ಬರುವುದಿಲ್ಲ. ಏಳೆಂಟು ಲೀಟರ್ ಹಾಲಿನ ದುಡ್ಡು, ಕೆಲವಕ್ಕೆ ಇನ್ನೂ ಹೆಚ್ಚು. ಎಲ್ಲರಿಂದಲೂ ಆಗುವುದಿಲ್ಲ. ಅದಕ್ಕೇ ಹೇಳುವುದು, ಮೊದಲ ಕಾವಲು ಬಟ್ಟೆ ಮತ್ತು ನೆರಳು, ಮುಲಾಮು ಎರಡನೆಯದು. ಕೂಲಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರಲ್ಲ, ಅದನ್ನು ನೋಡಿ ನಗಬೇಡಿ. ಅದಕ್ಕಿಂತ ಒಳ್ಳೆಯ ಸನ್‌ಸ್ಕ್ರೀನ್ ಇಲ್ಲ, ಎರಡು ಗಂಟೆಗೊಮ್ಮೆ ಹಚ್ಚುವ ಕೆಲಸವೂ ಇಲ್ಲ. ಒತ್ತಾಗಿ ನೇಯ್ದ, ಸ್ವಲ್ಪ ಗಾಢ ಬಣ್ಣದ ಬಟ್ಟೆ ಚೆನ್ನಾಗಿ ತಡೆಯುತ್ತದೆ. ತೆಳು ಬಿಳಿ ಬಟ್ಟೆ ಒದ್ದೆಯಾದರೆ ತಡೆಯುವುದು ಕಡಿಮೆ. ತಲೆಗೆ ಟವೆಲ್ ಸುತ್ತಿದರೆ ನೆತ್ತಿ ಉಳಿಯಿತು, ಕಿವಿ, ಕೆನ್ನೆ ಉಳಿಯಲಿಲ್ಲ. ಸುತ್ತಲೂ ಮೂರು ಇಂಚು ಅಂಚಿರುವ ಟೋಪಿ ಆದರೆ ಎಲ್ಲವೂ ಉಳಿಯುತ್ತದೆ.

ಹಾಗಾದರೆ ಸನ್‌ಸ್ಕ್ರೀನ್ ಯಾರಿಗೆ ಬೇಕೇ ಬೇಕು? ಬಂಗು ಇರುವವರಿಗೆ. ತೊನ್ನಿನ ಬಿಳಿ ಮಚ್ಚೆ ಇರುವವರಿಗೆ, ಅಲ್ಲಿ ಚರ್ಮಕ್ಕೆ ಕೊಡೆ ಇಲ್ಲ. ಬಿಸಿಲಿಗೆ ಹೋದರೆ ಗಂಧೆ ಏಳುವವರಿಗೆ. ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಕ್ಕಳಿಗೆ ಇದು ಊಟದಷ್ಟೇ ಮುಖ್ಯ, ಏಕೆಂದರೆ ಅವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಅಪಾಯ ಬಹಳ. ಅಂಥ ಮಕ್ಕಳನ್ನು ಶಾಲೆಯಲ್ಲಿ ಬಿಸಿಲಿಗೆ ಪ್ರಾರ್ಥನೆಗೆ ನಿಲ್ಲಿಸಬೇಡಿ ಎಂದು ಮೇಷ್ಟರುಗಳಿಗೆ ಕೈಮುಗಿದು ಕೇಳುತ್ತೇವೆ. ಕೆಲವು ಮಾತ್ರೆಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಬಿ.ಪಿ.ಗೆ ಕೊಡುವ ಕೆಲವು ಮಾತ್ರೆ ಹಾಗೆ. ಮಾತ್ರೆ ಬಿಡಬೇಡಿ, ಬಿಸಿಲಿಗೆ ಹೋಗಬಹುದೇ ಎಂದು ಡಾಕ್ಟರನ್ನು ಕೇಳಿ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಸನ್‌ಸ್ಕ್ರೀನ್ ಹಚ್ಚಬಾರದು, ನೆರಳಿನಲ್ಲೇ ಇಡಬೇಕು.

ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ನವೆ, ಗಾಯ ಆಗುವುದೆಲ್ಲ ಬಿಸಿಲಿನದೇ ಎಂದುಕೊಳ್ಳಬೇಡಿ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ ಅಲರ್ಜಿಯೂ ಹಾಗೇ ಬರುತ್ತದೆ, ಬಿಸಿಲಿಗೆ ಇನ್ನೂ ಕೆರಳಬಹುದು. ಅದಕ್ಕೆ ಬರೀ ಸನ್‌ಸ್ಕ್ರೀನ್ ಸಾಲದು. ಗಿಡವನ್ನು ಹೂ ಬಿಡುವ ಮೊದಲೇ ಕೈಗೆ ಕವಚ ಹಾಕಿ ಕೀಳಬೇಕು, ಅಲರ್ಜಿ ಇರುವವರು ಕೀಳಲು ಹೋಗಬಾರದು, ಡಾಕ್ಟರಿಗೆ ತೋರಿಸಬೇಕು. ಇನ್ನು ಯಾರಾದರೂ ಈಗಾಗಲೇ ಬೆಳ್ಳಗಾಗುವ ಟ್ಯೂಬನ್ನು ತಿಂಗಳಾನುಗಟ್ಟಲೆ ಹಚ್ಚುತ್ತಿದ್ದರೆ ಗಾಬರಿಯಿಂದ ಒಮ್ಮೆಲೇ ಬಿಡಬೇಡಿ. ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಇವತ್ತೇ ಇಲ್ಲೇ ವೈದ್ಯರಿದ್ದಾರೆ, ನಾಚಿಕೆ ಬೇಡ.

ಬಿಸಿಲು ಮೈಗೆ ಬೇಡವೇ, ಡಿ ವಿಟಮಿನ್ ಗತಿ ಏನು ಎಂದು ಕೆಲವರು ಕೇಳಬಹುದು. ಬೇಕು. ಆದರೆ ದಿನವೆಲ್ಲ ಹೊಲದಲ್ಲಿರುವ ನಮಗೆ ಕೈಕಾಲಿಗೆ ಬೀಳುವ ಬಿಸಿಲೇ ಧಾರಾಳ. ಮುಖ ಕಾಯ್ದುಕೊಂಡ ಮಾತ್ರಕ್ಕೆ ಕೊರತೆ ಆಗುವುದಿಲ್ಲ.

ನಮ್ಮ ಮನೆಯವರ ಬಂಗು ಪೂರಾ ಹೋಗಿಲ್ಲ. ಹೋಗುತ್ತದೆ ಎಂದು ವೈದ್ಯರು ಮಾತು ಕೊಡಲೂ ಇಲ್ಲ. ಬಸುರಿನಲ್ಲಿ ಬರುವುದುಂಟು, ಮನೆತನದಲ್ಲಿ ಬರುವುದುಂಟು, ಬಿಸಿಲು ಬಿದ್ದರೆ ಮತ್ತೆ ತಲೆ ಎತ್ತುತ್ತದೆ. ಆದರೆ ಉರಿ ನಿಂತಿದೆ. ಅವರು ಮುಂಚಿನ ಹಾಗೆ ತೋಟಕ್ಕೆ ಬರುತ್ತಾರೆ, ಮದುವೆ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಸೆರಗು ಮುಚ್ಚಿ ಕೂರುವುದನ್ನು ಬಿಟ್ಟಿದ್ದಾರೆ. ಈಗ ಬುತ್ತಿಯ ಹೊತ್ತಿಗೆ "ಹಚ್ಚಿಕೊಂಡಿರಾ?" ಎಂದು ನಮ್ಮನ್ನೇ ಕೇಳುವವರು ಅವರು.

ಕೊನೆಯದಾಗಿ ಒಂದು ಸಲಹೆ. ಈ 25 ವರ್ಷದಲ್ಲಿ ನಮ್ಮ ಸಂಘ ರಾಸುಗಳಿಗೆ ಲಸಿಕೆ ಹಾಕಿಸಿದೆ, ವಿಮೆ ಮಾಡಿಸಿದೆ, ಖನಿಜ ಮಿಶ್ರಣ ಹಂಚಿದೆ. ಒಳ್ಳೆಯ ಕೆಲಸ. ರಾಸು ಸಾಕುವ ಕೈಗಳ ಯೋಗಕ್ಷೇಮವನ್ನೂ ಇನ್ನು ಮುಂದೆ ನೋಡೋಣ. ಮಹಿಳಾ ಸದಸ್ಯರಿಗೆಲ್ಲ ಒಂದೊಂದು ಅಗಲ ಅಂಚಿನ ಟೋಪಿ ಕೊಡುವುದು, ವರ್ಷಕ್ಕೊಮ್ಮೆ ಚರ್ಮದ ವೈದ್ಯರನ್ನು ಕರೆಸುವುದು, ಹಾಲು ಹಾಕಲು ನಿಲ್ಲುವ ಜಾಗಕ್ಕೆ ಶೀಟಿನ ನೆರಳು ಮಾಡುವುದು, ಈ ಮೂರನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುತ್ತೇವೆ. ಸದಸ್ಯರು ಬೆಂಬಲ ಕೊಡಬೇಕು.

ಹಸುವಿಗೆ ಚಪ್ಪರ ಹಾಕಿದ ದಿನವೇ ಮನೆಯವರ ಕಡೆಗೂ ನೋಡಿದ್ದರೆ ಒಂದು ವರ್ಷದ ನೋವು ತಪ್ಪುತ್ತಿತ್ತು. ನೀವು ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮನೆಯವರ ಮುಖವನ್ನು ಒಮ್ಮೆ ನೋಡಿ, ಕೇಳಿ.

ಜೈ ಸಹಕಾರ, ಜೈ ಕರ್ನಾಟಕ, ಜೈ ಹಿಂದ್.